ಒಳಗೆ ಬಂದವರು ಮತ್ತೆ ಹೊರಗೆ

ಗೋದಾಮಿನ ದಾಸ್ತಾನು ತೋರಿಸುವ, ಫ್ಲಾಸ್ಕ್ (ಪೈಥಾನ್‌ನ ವೆಬ್ ಚೌಕಟ್ಟು) ಬಳಸಿ ಬರೆದ ಸಣ್ಣ ಆ್ಯಪ್. ಲಿಂಕ್ ಗೊತ್ತಿದ್ದವರೆಲ್ಲ ತೆರೆಯಬಹುದಿತ್ತು. ಅದಕ್ಕೆ ಲಾಗಿನ್ ಜೋಡಿಸಬೇಕಿತ್ತು. ಫಾರ್ಮ್, ಯೂಸರ್ ಟೇಬಲ್ ಬೆಳಿಗ್ಗೆಯೇ ಮುಗಿದವು. ಪಾಸ್‌ವರ್ಡ್‌ಗೆ ಫ್ಲಾಸ್ಕ್ ಜೊತೆಗೇ ಬರುವ ವರ್ಕ್‌ಟ್ಸಾಯ್ಗ್ ಲೈಬ್ರರಿಯ ಎಸ್‌ಕ್ರಿಪ್ಟ್ ಹ್ಯಾಶ್ (ಪಾಸ್‌ವರ್ಡ್ ಬದಲು ಉಳಿಸುವ, ಹಿಂದಕ್ಕೆ ತಿರುಗಿಸಲಾಗದ ಸಂಕೇತ) ಸಾಕು. ಆದರೆ ಅದರ ಉದ್ದ 162 ಅಕ್ಷರ. ಕಾಲಂ 128ಕ್ಕೆ ಇಟ್ಟಿದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎರರ್ ಕೊಟ್ಟು ನಿಲ್ಲುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬಳಸುವ ಎಸ್‌ಕ್ಯೂಲೈಟ್ ಉದ್ದವನ್ನೇ ನೋಡುವುದಿಲ್ಲ, ಹಾಗಾಗಿ ಅಲ್ಲಿ ಇದು ಗೊತ್ತೇ ಆಗದು. 255 ಇಟ್ಟು ಮುಂದೆ ಹೋಗುವುದು ಲೇಸು.

ನಿಜವಾದ ಕೆಲಸ ಶುರುವಾದದ್ದು ಸರ್ವರ್‌ಗೆ ಹಾಕಿದ ಮೇಲೆ. ಅಲ್ಲಿ ಆ್ಯಪ್ ನಡೆಸುವ ಗುನಿಕಾರ್ನ್‌ನಲ್ಲಿ 4 ವರ್ಕರ್, ಅಂದರೆ ಒಂದೇ ಆ್ಯಪ್‌ನ 4 ಪ್ರತಿಗಳು. ಲಾಗಿನ್ ಆಗುತ್ತದೆ, ಒಂದು ಪುಟ ತೆರೆಯುತ್ತದೆ, ಮುಂದಿನ ಕ್ಲಿಕ್‌ಗೆ ಮತ್ತೆ ಲಾಗಿನ್ ಪುಟ. ರಿಫ್ರೆಶ್ ಮಾಡಿದರೆ ಕೆಲವೊಮ್ಮೆ ಒಳಗೆ, ಕೆಲವೊಮ್ಮೆ ಹೊರಗೆ. ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಫ್ಲಾಸ್ಕ್‌ನ ಸೆಷನ್, ಅಂದರೆ ಯಾರು ಲಾಗಿನ್ ಆಗಿದ್ದಾರೆಂಬ ನೆನಪು, ಸರ್ವರ್‌ನಲ್ಲಿ ಇರುವುದಿಲ್ಲ. ಸೀಕ್ರೆಟ್ ಕೀಯಿಂದ ಸಹಿ ಹಾಕಿದ ಕುಕೀ ಆಗಿ ಬ್ರೌಸರ್‌ನಲ್ಲಿರುತ್ತದೆ. ಇಲ್ಲಿ ಆ ಕೀಯನ್ನು ಆ್ಯಪ್ ಶುರುವಾದಾಗಲೆಲ್ಲ ಹೊಸದಾಗಿ ಹುಟ್ಟಿಸುವ ಸಾಲು ಕೋಡ್‌ನಲ್ಲಿತ್ತು. ವರ್ಕರ್‌ಗೊಂದು ಕೀ ಆಯಿತು. ಒಂದು ವರ್ಕರ್‌ನ ಸಹಿ ಇನ್ನೊಂದಕ್ಕೆ ನಕಲಿ ಕಂಡಾಗ ಫ್ಲಾಸ್ಕ್ ದೂರು ಹೇಳುವುದಿಲ್ಲ, ಸುಮ್ಮನೆ ಖಾಲಿ ಸೆಷನ್ ಕೊಡುತ್ತದೆ. ಪೈಥಾನ್‌ನ ಸೀಕ್ರೆಟ್ಸ್ ಮಾಡ್ಯೂಲ್‌ನಿಂದ 32 ಬೈಟ್‌ಗಳ ಕೀ ಒಮ್ಮೆ ತೆಗೆದು, ಕೋಡ್‌ನ ಹೊರಗೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಟ್ಟ ಮೇಲೆ ಕಾಟ ನಿಂತಿತು. ಕೋಡ್ ಇಡುವ ಗಿಟ್‌ಗೆ ಆ ಕೀ ಹೋಗಬಾರದು. ಕೀ ಸಿಕ್ಕವರು ಯಾರ ಹೆಸರಿನಲ್ಲಾದರೂ ಕುಕೀ ತಯಾರಿಸಬಹುದು.

ಕುಕೀಯ ಮೇಲಿರುವುದು ಸಹಿ ಅಷ್ಟೇ, ಬೀಗವಲ್ಲ. ಒಳಗಿನ ವಿಷಯವನ್ನು ಯಾರು ಬೇಕಾದರೂ ಓದಬಹುದು. ಯೂಸರ್ ಐಡಿಯಂಥ ಗುಟ್ಟಲ್ಲದ್ದನ್ನು ಬಿಟ್ಟು ಬೇರೇನೂ ಹಾಕದಿರುವುದೇ ಕ್ಷೇಮ. ಇನ್ನೊಂದು ತೊಡಕು: ಲಾಗೌಟ್ ಮಾಡಿದರೆ ಈ ಬ್ರೌಸರ್‌ನ ಕುಕೀ ಹೋಗುತ್ತದೆ, ಮೊದಲೇ ಕದ್ದಿಟ್ಟುಕೊಂಡ ಪ್ರತಿ ಹಾಗೇ ನಡೆಯುತ್ತದೆ. ಯೂಸರ್ ಟೇಬಲ್‌ನಲ್ಲಿ ಒಂದು ಸೆಷನ್ ಸಂಖ್ಯೆ ಇಟ್ಟು, ಕುಕೀಯಲ್ಲೂ ಹಾಕಿ, ಪ್ರತಿ ರಿಕ್ವೆಸ್ಟ್‌ಗೆ ತಾಳೆ ನೋಡಿದರೆ ಸಾಕು. ಲಾಗೌಟ್ ಆದಾಗ ಅಥವಾ ಪಾಸ್‌ವರ್ಡ್ ಬದಲಾದಾಗ ಸಂಖ್ಯೆ ಏರಿಸಿದರೆ ಹಳೆಯ ಕುಕೀಗಳೆಲ್ಲ ರದ್ದು.

ಕುಕೀಯ ರಕ್ಷಣೆಗೆ ಮೂರು ಗುರುತುಗಳಿವೆ. ಪುಟದ ಜಾವಾಸ್ಕ್ರಿಪ್ಟ್‌ಗೆ ಕುಕೀ ಸಿಗದಂತೆ ಮಾಡುವ ಎಚ್‌ಟಿಟಿಪಿಓನ್ಲಿ ಫ್ಲಾಸ್ಕ್‌ನಲ್ಲಿ ಮೊದಲೇ ಇದೆ. ಎಚ್‌ಟಿಟಿಪಿಎಸ್‌ನಲ್ಲಷ್ಟೇ ಕುಕೀ ಕಳಿಸುವ ಸೆಕ್ಯೂರ್ ಮತ್ತು ಬೇರೆ ಸೈಟ್‌ನಿಂದ ಬರುವ ಹೆಚ್ಚಿನ ರಿಕ್ವೆಸ್ಟ್‌ಗಳಿಗೆ ಕುಕೀ ಸೇರಿಸದ ಸೇಮ್‌ಸೈಟ್ ಲ್ಯಾಕ್ಸ್ ನಾವೇ ಹಾಕಬೇಕು. ಸೆಕ್ಯೂರ್ ಹಾಕಿದ ಮೇಲೆ ಎಚ್‌ಟಿಟಿಪಿಎಸ್ ಇಲ್ಲದೆ ಆಫೀಸ್ ವೈಫೈನ ಐಪಿ ವಿಳಾಸದಿಂದ ಮೊಬೈಲ್‌ನಲ್ಲಿ ತೆರೆದರೆ ಕುಕೀ ಉಳಿಯುವುದೇ ಇಲ್ಲ. ಆಗ ಕೋಡ್ ತಡಕಾಡುವುದು ವ್ಯರ್ಥ.

ಕನ್ನಡದಲ್ಲಿ ಪಾಸ್‌ವರ್ಡ್ ಕೊಡುವವರೂ ಇರುತ್ತಾರೆ. ಬಿಕ್ರಿಪ್ಟ್ ಎಂಬ ಇನ್ನೊಂದು ಹ್ಯಾಶ್ ಬಳಸುವವರು ಇದನ್ನು ನೋಡಿಕೊಳ್ಳಲೇಬೇಕು: ಅದರ ಮಿತಿ 72 ಬೈಟ್, ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್. ‘ಲಕ್ಷ್ಮಿ’ ಒಂದಕ್ಕೇ 21. ‘ಕೊ’ ಅಕ್ಷರದ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಎರಡಾಗಿಯೂ ಬರೆಯಬಹುದು; ಕಣ್ಣಿಗೆ ಒಂದೇ, ಹ್ಯಾಶ್ ಬೇರೆ. ನೋಂದಣಿಯಲ್ಲೂ ಲಾಗಿನ್‌ನಲ್ಲೂ ಎನ್‌ಎಫ್‌ಸಿಗೆ (ಇಂಥವನ್ನು ಒಂದೇ ಬಗೆಯಲ್ಲಿ ಬರೆಯುವ ಯೂನಿಕೋಡ್ ರೂಪ) ತಿರುಗಿಸಿ ಆಮೇಲೆ ಹ್ಯಾಶ್ ಮಾಡಬೇಕು, ಅದೂ ಮೊದಲ ಯೂಸರ್ ಸೇರುವ ಮುಂಚೆಯೇ. ಆಮೇಲೆ ತಿದ್ದಲು ಮೂಲ ಪಾಸ್‌ವರ್ಡ್ ನಮ್ಮ ಬಳಿ ಇರುವುದಿಲ್ಲ.