ಬೆಂಕಿಪೊಟ್ಟಣದವರ ಮಗಳು

"ನೀನು ಬೆಂಕಿಪೊಟ್ಟಣದವರ ಮಗಳಲ್ವೇನಮ್ಮ?"

ಶ್ರೀರಾಂಪುರದ ದಿನಸಿ ಅಂಗಡಿಯಲ್ಲಿ ಶೆಟ್ಟರು ಹೀಗೆ ಕೇಳಿದ್ದು ಮಂಗಳವಾರ. ಇವತ್ತು ಶುಕ್ರವಾರ. ಮೀಟಿಂಗ್‌ನಲ್ಲಿ ಕೂತರೂ ಅದೇ ಮಾತು, ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಮಾತು.

ಚಿಕ್ಕಮ್ಮನ ಮನೆಗೆ ಹೊರಟಿದ್ದೆ. ಬರಿಗೈಯಲ್ಲಿ ಹೋಗುವುದು ಬೇಡವೆಂದು ಬಿಸ್ಕೆಟ್ ಕೊಳ್ಳಲು ನಿಂತೆ. ಶೆಟ್ಟರು ಇನ್ನೂ ಗಲ್ಲಾಪೆಟ್ಟಿಗೆ ಹಿಂದೆ ಕೂರುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತಾರಂತೆ. ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದರೂ ನನ್ನ ಮುಖವನ್ನು ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಆ ಪ್ರಶ್ನೆ.

ಬೇರೆ ಯಾರನ್ನೋ ನೆನೆಸಿಕೊಂಡಿದ್ದಾರೆ ಅಂದುಕೊಂಡೆ. "ಬೆಂಕಿಪೊಟ್ಟಣ ಅಲ್ಲ ಶೆಟ್ಟರೇ, ಊದುಬತ್ತಿ. ನಮ್ಮಮ್ಮ ಬತ್ತಿ ಹೊಸೀತಿದ್ರು" ಎಂದೆ.

"ಅಮ್ಮ ಬತ್ತಿ. ಅದು ಗೊತ್ತು. ನಾನು ಹೇಳ್ತಿರೋದು ನಿಮ್ಮಪ್ಪನ ವಿಷಯ."

ಅಪ್ಪ ದುಡಿಯುತ್ತಿದ್ದ ಬಟ್ಟೆ ಮಿಲ್‌ಗೆ ಬೀಗ ಬಿದ್ದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಆ ಕಾಲದ ಶ್ರೀರಾಂಪುರ, ಮಾಗಡಿ ರಸ್ತೆ, ಬಿನ್ನಿಪೇಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಲ್ ಸೈರನ್ ಕೇಳಿ ಅಕ್ಕಿಗೆ ನೀರಿಡುತ್ತಿದ್ದ ಬೀದಿಗಳು ಅವು. ಈಗಿನ ಹುಡುಗರಿಗೆ ಗೊತ್ತಾಗಬೇಕಾದರೆ ಇಷ್ಟು ಹೇಳಬಹುದು: ಮಲ್ಲೇಶ್ವರದಲ್ಲಿ 2010ರಲ್ಲಿ ತೆರೆದ ಮಂತ್ರಿ ಮಾಲ್ ಇದೆಯಲ್ಲ, ಅದು ನಿಂತಿರುವುದು ಹಳೇ ರಾಜಾ ಮಿಲ್‌ನ ಜಾಗದಲ್ಲಿ.

ಸಂಬಳ ನಿಂತ ಮೇಲೆ ಅಮ್ಮ ಬತ್ತಿ ಹೊಸೆಯಲು ಕೂತರು. ಇದ್ದಿಲ ಪುಡಿ, ಜಿಗಟು ಪುಡಿ ಕಲಸಿದ ಹಿಟ್ಟು, ಬಿದಿರು ಕಡ್ಡಿ, ಒಂದು ಮಣೆ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಊದುಬತ್ತಿ ಮಾಡುವ ಮನೆ ಎಂದರೆ ಗಂಧದ ವಾಸನೆ ಇರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಏನೂ ಇರುವುದಿಲ್ಲ. ಪರಿಮಳ ಸೇರಿಸುವುದು ಆಮೇಲೆ, ಫ್ಯಾಕ್ಟರಿಯಲ್ಲಿ. ನಮ್ಮ ಪಾಲಿಗೆ ಬರುತ್ತಿದ್ದದ್ದು ಮಸಿ ಮಾತ್ರ. ಅಮ್ಮನ ಉಗುರಿನ ಸಂದಿಯಲ್ಲಿ, ಗೋಡೆಯಲ್ಲಿ, ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ.

ಮತ್ತೆ ಅಪ್ಪ? ಅಪ್ಪ ಏನೂ ಮಾಡಲಿಲ್ಲ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿದ್ದು ಇದನ್ನೇ. ಜಗಲಿ ಮೇಲೆ ಕೂರುತ್ತಿದ್ದರು, ಯೂನಿಯನ್ ಆಫೀಸಿಗೆ ಹೋಗಿ ಬರುತ್ತಿದ್ದರು, ಅಷ್ಟೇ.

ಶೆಟ್ಟರು ಹೇಳಿದ್ದು ಹೀಗೆ: "ಬರೋರು. ಗಿರಾಕಿ ಎಲ್ಲ ಹೋಗೋವರೆಗೂ ಆ ಕಂಬದ ಹತ್ರ ನಿಂತಿರೋರು. ಉದ್ರಿ ಕೇಳೋಕೆ ಬಂದಿದಾರೆ ಅಂತ ನನಗೆ ಗೊತ್ತಾಗೋದು. ಹತ್ರ ಬಂದು, ಬಾಯಿ ತೆಗೆದು, ನಾಲ್ಕಾಣೆ ಇಟ್ಟು, ಒಂದು ಬೆಂಕಿಪೊಟ್ಟಣ ಕೊಡಿ ಅನ್ನೋರು. ತಗೊಂಡು ಹೋಗಿಬಿಡೋರು. ಮತ್ತೆ ಎರಡು ದಿನಕ್ಕೆ ಬರೋರು. ಮತ್ತೆ ಬೆಂಕಿಪೊಟ್ಟಣ."

ನಾನು ಬಿಸ್ಕೆಟ್ ಪ್ಯಾಕ್ ಹಿಡಿದುಕೊಂಡು ಸುಮ್ಮನೆ ನಿಂತೆ. ಯಾಕೆಂದರೆ ಆ ಬೆಂಕಿಪೊಟ್ಟಣಗಳು ನನಗೆ ಗೊತ್ತು! ಅಡುಗೆ ಗೂಡಿನಲ್ಲಿ ಸಾಲಾಗಿ ಇರುತ್ತಿದ್ದವು. ಕಡ್ಡಿ ಖಾಲಿಯಾಗದ, ಹೊಸ ಬೆಂಕಿಪೊಟ್ಟಣಗಳು. ನಾನು, ತಮ್ಮ ಅವನ್ನು ಜೋಡಿಸಿ ರೈಲು ಆಡುತ್ತಿದ್ದೆವು. "ಸ್ಟವ್‌ಗೆ ಸೀಮೆಎಣ್ಣೆ ಇಲ್ಲ, ನಿಮ್ಮಪ್ಪ ನೋಡಿದ್ರೆ ಬೆಂಕಿಪೊಟ್ಟಣ ತಂದಿದಾರೆ" ಅಂತ ಅಮ್ಮ ಬೈಯುತ್ತಿದ್ದರು. ನಮ್ಮ ಮನೆಯಲ್ಲಿ ಅದೊಂದು ತಮಾಷೆ ಕೂಡ ಆಗಿತ್ತು. ಅಪ್ಪ ತೀರಿಕೊಂಡ ಮೇಲೂ ಮದುವೆ ಮುಂಜಿಗಳಲ್ಲಿ ಆ ಕಥೆ ಹೇಳಿ ನಗುತ್ತಿದ್ದೆವು.

"ಗೊತ್ತಾಗ್ತಿತ್ತು ಅಂದ್ರಲ್ಲ, ನೀವೇ ಒಂದು ಕೇಜಿ ಅಕ್ಕಿ ಕಟ್ಟಿ ಕೊಡಬಹುದಿತ್ತಲ್ವಾ?" ಎಂದು ಕೇಳಿದೆ.

"ಅವರು ಕೇಳದೆ ನಾನು ಹೇಗಮ್ಮ ಕೊಡೋದು? ಅವರ ಮರ್ಯಾದೆ ಪ್ರಶ್ನೆ."

ಈ ಉತ್ತರ ನನಗೆ ಒಪ್ಪಿಗೆಯಾಗಿಲ್ಲ. ಶೆಟ್ಟರು ಕೆಟ್ಟವರಲ್ಲ. 1980–81ರಲ್ಲಿ ಎಚ್‌ಎಎಲ್, ಎಚ್‌ಎಂಟಿ, ಐಟಿಐ ಕಾರ್ಖಾನೆಗಳವರೆಲ್ಲ ಸೇರಿ 77 ದಿನ ಸ್ಟ್ರೈಕ್ ಮಾಡಿದಾಗ ಎಷ್ಟೋ ಮನೆಗೆ ಉದ್ರಿ ಕೊಟ್ಟೆ ಅಂತ ಈಗಲೂ ಹೇಳಿಕೊಳ್ಳುತ್ತಾರೆ, ಕೊಟ್ಟೂ ಇರಬಹುದು. ಆದರೆ ಬಾಕಿ ಇದ್ದವರ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದದ್ದೂ ಅವರೇ. ಆ ಕೂಗು ಕೇಳಿದ್ದರಿಂದಲೇ ಅಪ್ಪನ ಬಾಯಿ ಕಟ್ಟಿರಬೇಕು. ಮರ್ಯಾದೆಯ ಮಾತು ಆಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಪ್ಪನ ಮೇಲಿನ ಸಿಟ್ಟು ಹೋಯಿತಾ? ಪೂರ್ತಿ ಇಲ್ಲ. ನಾಚಿಕೆ ಪಡುತ್ತಾ ಕಂಬಕ್ಕೆ ಒರಗಿ ನಿಲ್ಲಲು ಅಮ್ಮನಿಗೆ ಪುರುಸೊತ್ತು ಎಲ್ಲಿತ್ತು? ಅವರು ನನ್ನನ್ನೇ ಅರ್ಧ ಕೇಜಿ ಅಕ್ಕಿಗೆ ಕಳಿಸುತ್ತಿದ್ದರು. ಅರ್ಧ ಅರ್ಧ ಕೇಜಿ ತಂದರೆ ಜಾಸ್ತಿ ಬೀಳುತ್ತದೆ ಅಂತ ಗೊತ್ತಿದ್ದರೂ. ಆದರೆ ಅಪ್ಪ ಏನೂ ಮಾಡಲಿಲ್ಲ ಎನ್ನುವ ವಾಕ್ಯ ಇನ್ನು ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ಆ ಮನುಷ್ಯ ದಿನ ಬಿಟ್ಟು ದಿನ ಕೇಳಲು ಹೋಗುತ್ತಿದ್ದರು.

ಮಗಳು ಸೈಕಾಲಜಿ ಓದುತ್ತಿದ್ದಾಳೆ. ರಾತ್ರಿ ಇದನ್ನೆಲ್ಲ ಹೇಳಿದಾಗ ಅವಳು ತನ್ನ ಪಾಠ ತೆಗೆದಳು. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರಂತೆ. ಕಾಲೇಜು ಹುಡುಗರಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ತಮ್ಮ ಬದುಕಿನ ನೋವಿನ ಬಗ್ಗೆ ಬರೆಯಲು ಹೇಳಿದ್ದರು. ಬರೆದು ಎದ್ದಾಗ ಅವರ ಮನಸ್ಸು ಹಗುರವಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು. ಆದರೆ ನಡೆದದ್ದನ್ನೂ ಅನ್ನಿಸಿದ್ದನ್ನೂ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಮ್ಮಿ. ಬರೀ ನಡೆದದ್ದನ್ನು ಬರೆದವರಿಗೆ ಅಷ್ಟೇನೂ ಉಪಯೋಗ ಆಗಲಿಲ್ಲ. ಎಲ್ಲರಿಗೂ ಇದು ಮದ್ದಲ್ಲ, ಆಮೇಲಿನ ಅಧ್ಯಯನಗಳಲ್ಲಿ ಫಲ ಸಣ್ಣದು ಎಂದೂ ಬಂದಿದೆ ಅಂತ ಅವಳೇ ಸೇರಿಸಿದಳು. ಪುಣ್ಯಕ್ಕೆ ನನಗೇ ಥೆರಪಿ ಮಾಡಲು ಅವಳು ಹೊರಡಲಿಲ್ಲ.

ನಾನು ಇಷ್ಟು ವರ್ಷ ಬರೀ ನಡೆದದ್ದನ್ನೇ ಹೇಳಿದ್ದೇನೆ. ಮಿಲ್ ಮುಚ್ಚಿತು, ಅಮ್ಮ ಬತ್ತಿ ಹೊಸೆದರು, ನಾನು ಓದಿದೆ, ಕೆಲಸ ಸಿಕ್ಕಿತು. ಆಫೀಸಿನಲ್ಲಿ ಮಹಿಳಾ ದಿನಕ್ಕೆ ಇದನ್ನು ಎರಡು ನಿಮಿಷದಲ್ಲಿ ಹೇಳಿ ಚಪ್ಪಾಳೆ ತಗೊಂಡಿದ್ದೇನೆ. ಕಷ್ಟವೇ ನನ್ನನ್ನು ಗಟ್ಟಿ ಮಾಡಿತು ಅಂತ ಹೇಳಿದರೆ ಜನಕ್ಕೆ ಖುಷಿ. ನನಗೆ ಹಾಗೆ ಅನ್ನಿಸಿಲ್ಲ. ಕಷ್ಟ ನನಗೆ ಕಲಿಸಿದ್ದು ಲೆಕ್ಕ ಮುಚ್ಚಿಡುವುದನ್ನು. ನಮ್ಮ ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗುಂಪಿನಲ್ಲಿ ಅನ್ನಭಾಗ್ಯದ ಬಗ್ಗೆ ಆಗಾಗ ಉರಿ ಕಾರುತ್ತಾರೆ. ಬಿಟ್ಟಿ ಅಕ್ಕಿ, ಸೋಮಾರಿ ಜನ, ನಮ್ಮ ಟ್ಯಾಕ್ಸು. 2013ರ ಜುಲೈನಲ್ಲಿ ಕೇಜಿಗೆ ಒಂದು ರೂಪಾಯಿಯಂತೆ ಅದು ಶುರುವಾದಾಗಿನಿಂದ ಇದೇ ಮಾತು. ಗುಂಪಿನಲ್ಲಿ ನಾನು ಯಾವತ್ತೂ ಏನೂ ಅನ್ನುತ್ತಿರಲಿಲ್ಲ. ಬುಧವಾರ ಮತ್ತೆ ಶುರುವಾಯಿತು. ಕಾರ್ಡ್ ತೋರಿಸಿದರೆ ಸಾಕು, ಯಾರ ಮುಂದೆಯೂ ಬಾಯಿ ತೆಗೆಯದೆ ಅಕ್ಕಿ ಸಿಗುತ್ತದೆ ಎಂದರೆ ಏನು ಅಂತ ಈ ಸಲ ಬರೆದೆ. ಅಪ್ಪನ ವಿಷಯವನ್ನೂ ಬರೆದೆ. ಒಬ್ಬರು ಕೈ ಮುಗಿಯುವ ಇಮೋಜಿ ಹಾಕಿದರು. ಸೆಕ್ರೆಟರಿ ಸಾಹೇಬರು ತಕ್ಷಣ ನೀರಿನ ಟ್ಯಾಂಕರ್ ವಿಷಯ ತೆಗೆದರು.

ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ಗೊತ್ತಿತ್ತು ಕಣೇ."

"ಗೊತ್ತಿದ್ದೂ ಬೈತಿದ್ಯಲ್ಲಮ್ಮ?"

"ಗೊತ್ತಿದೆ ಅಂತ ಅವರಿಗೆ ಗೊತ್ತಾದ್ರೆ ಮನೆಗೇ ಬರ್ತಿರ್ಲಿಲ್ಲ. ಬೈದ್ರೆ, ಏನೋ ದಡ್ಡತನ ಮಾಡಿದೆ ಅಂದ್ಕೊಂಡು ಒಳಗೆ ಬರೋರು."

ನನಗೆ ಆಗ ಅಳು ಬಂತು. ಅಮ್ಮನಿಗೆ ಬರಲಿಲ್ಲ. ಕಾಳು ಸಣ್ಣ ಇದೆ, ಈ ಸಲ ಸೊಗಡೇ ಇಲ್ಲ ಎಂದರು.

ತಮ್ಮನಿಗೂ ಫೋನ್ ಮಾಡಿದೆ. ಅವನು ವೈಟ್‌ಫೀಲ್ಡ್‌ನಲ್ಲಿದ್ದಾನೆ. ಹಳೆಯದು ಎಂದರೆ ಅವನಿಗೆ ಅಲರ್ಜಿ. "ಅಕ್ಕ, ಅದೆಲ್ಲ ಈಗ್ಯಾಕೆ? ಮುಗಿದುಹೋಗಿದ್ದು" ಎಂದು ಫೋನ್ ಇಟ್ಟ. ರಾತ್ರಿ ಹನ್ನೊಂದಕ್ಕೆ ಅವನೇ ಮಾಡಿದ.

"ಶೆಟ್ಟರ ಅಂಗಡಿ ಎಲ್ಲಿವರೆಗೆ ಇರತ್ತಂತೆ?"

"ತಿಂಗಳ ಕೊನೆವರೆಗೆ."

"ಭಾನುವಾರ ಹೋಗೋಣ್ವಾ? ಅಲ್ಲಿ ಪಾರ್ಕಿಂಗ್ ಸಿಗತ್ತಾ?"

ಸಿಗಲ್ಲ, ಮೆಟ್ರೋದಲ್ಲಿ ಬಾ ಎಂದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಿಸಿದರೆ ಎರಡನೇ ಸ್ಟೇಷನ್ನೇ ಶ್ರೀರಾಂಪುರ. ಅವನಿಗೆ ಅದು ಗೊತ್ತೇ ಇರಲಿಲ್ಲ.