ತ್ಯಾಜ್ಯದ ಬಾಟಲಿ ಸಿಡಿದ ರಾತ್ರಿ ಮತ್ತು ನಮ್ಮ ತುರ್ತು ಯೋಜನೆ

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಇಪ್ಪತ್ತೆರಡು ಪುಟಗಳ ತುರ್ತು ಯೋಜನೆಯೊಂದಿತ್ತು. ಯಾರು ಯಾರಿಗೆ ಫೋನ್ ಮಾಡಬೇಕು, ಎಲ್ಲರೂ ಎಲ್ಲಿ ಸೇರಬೇಕು ಎಂಬುದೆಲ್ಲ ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಟೈಪಾಗಿತ್ತು. ಒಂದು ಶನಿವಾರ ರಾತ್ರಿ ಒಂಬತ್ತೂವರೆಗೆ ಎರಡನೇ ಮಹಡಿಯಲ್ಲಿ ತ್ಯಾಜ್ಯದ ಬಾಟಲಿ ಸಿಡಿದಾಗ ಆ ಕಡತ ಕಚೇರಿಯ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಊರಿಗೆ ಹೋಗಿದ್ದ ಗುಮಾಸ್ತರ ಬಳಿಯಿತ್ತು.

ಸಿಡಿದದ್ದು ಎರಡೂವರೆ ಲೀಟರಿನ ಕಂದು ಗಾಜಿನ ಬಾಟಲಿ. ತಳದಲ್ಲಿ ಮೆಥನಾಲ್ ಎಂಬ ಸಾವಯವ ದ್ರಾವಕ ಸ್ವಲ್ಪ ಇದ್ದುದನ್ನು ಗಮನಿಸದೆ ಮಧ್ಯಾಹ್ನ ಯಾರೋ ಅದಕ್ಕೆ ಬಳಸಿದ ನೈಟ್ರಿಕ್ ಆಮ್ಲವನ್ನು ಸುರಿದು ಮುಚ್ಚಳ ಬಿಗಿದಿದ್ದರು. ನೈಟ್ರಿಕ್ ಆಮ್ಲವು ಸಾವಯವ ದ್ರಾವಕಗಳನ್ನು ಉತ್ಕರ್ಷಿಸುವುದು ರಸಾಯನಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಆದರೆ ಆ ಕ್ರಿಯೆ ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಶುರುವಾಗಿ, ತನ್ನದೇ ಕಾವಿನಿಂದ ವೇಗ ಹೆಚ್ಚಿಸಿಕೊಂಡು, ಅನಿಲ ತುಂಬಿಸಿ, ಸುರಿದವರು ಮನೆ ಸೇರಿ ಊಟ ಮುಗಿಸಿದ ಮೇಲೆ ಬಾಟಲಿಯನ್ನು ಒಡೆಯಬಲ್ಲದು. ಅದರ ಚೀಟಿಯ ಮೇಲೆ ‘ವೇಸ್ಟ್’ ಎಂದಷ್ಟೇ ಬರೆದಿತ್ತು.

ಸದ್ದು ಕೇಳಿ ಓಡಿಬಂದವರು ಸೆಕ್ಯುರಿಟಿಯವರು. ಬಾಗಿಲು ತೆರೆದಾಗ ಕೆಂಗಂದು ಹೊಗೆ ಹೊರಬಂತು. ಅವರು ಮೊದಲು ಮಾಡಿದ್ದು, ಯಾರಾದರೂ ಗಾಜು ತುಳಿದಾರೆಂದು ಪೊರಕೆ ತಂದು ಒಳಗೆ ಹೋದದ್ದು. ಪಕ್ಕದ ಕೋಣೆಯಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ “ಅಣ್ಣಾ, ಹೊರಗೆ ಬನ್ನಿ” ಎಂದು ಕೂಗಿ ಕರೆದಾಗ, “ಏನೂ ಆಗಿಲ್ಲ ಬಿಡಮ್ಮ, ಗಂಟಲು ಸ್ವಲ್ಪ ಕೆರೀತಿದೆ ಅಷ್ಟೆ” ಎಂದರಂತೆ. ಆ ಕೆಂಗಂದು ಹೊಗೆಯಲ್ಲಿದ್ದ ನೈಟ್ರೋಜನ್ ಡೈಆಕ್ಸೈಡ್ ಅನಿಲದ ಅಪಾಯ ಇರುವುದೇ ಅಲ್ಲಿ. ಉಸಿರಾಡಿದಾಗ ಗಂಟಲ ಕೆರೆತಕ್ಕಿಂತ ಹೆಚ್ಚೇನೂ ಕಾಣದಿದ್ದವರಿಗೂ ಹಲವು ತಾಸುಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಆ ಹುಡುಗಿಗೆ ಇದು ತಿಳಿದಿದ್ದರಿಂದ ಸೆಕ್ಯುರಿಟಿಯವರು ಆ ರಾತ್ರಿಯನ್ನು ಆಸ್ಪತ್ರೆಯಲ್ಲಿ ಕಳೆದು, ಮರುದಿನ ಕ್ಷೇಮವಾಗಿ ಮನೆಗೆ ಹೋದರು. ನಮ್ಮ ಇಪ್ಪತ್ತೆರಡು ಪುಟಗಳಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ.

ಕಾರ್ಖಾನೆಗಳ ಯೋಜನೆಯನ್ನು ನಕಲು ಮಾಡಿದ್ದೇ ನಮ್ಮ ಮೂಲ ತಪ್ಪು ಎಂದು ನನಗನ್ನಿಸುತ್ತದೆ. ಕಾರ್ಖಾನೆಯಲ್ಲಿ ನಾಲ್ಕೈದು ಬಗೆಯ ತ್ಯಾಜ್ಯ ಟನ್ನುಗಟ್ಟಲೆ ಇರುತ್ತದೆ. ವಿಶ್ವವಿದ್ಯಾಲಯದಲ್ಲಿ ನೂರಾರು ಬಗೆ, ಒಂದೊಂದೂ ಅರ್ಧ ಲೀಟರ್, ಸುರಿದವರು ಮೂರು ವರ್ಷಕ್ಕೆ ಪದವಿ ಪಡೆದು ಹೊರಟುಹೋಗುವವರು. ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ನಮ್ಮ ಕಪಾಟಿನಲ್ಲಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರ ಕಾಲದ, ಈಥರ್ ಎಂಬ ದ್ರಾವಕದ ಬಾಟಲಿ ಸಿಕ್ಕಿತು, ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿತ್ತು. ಹಳೆಯ ಈಥರಿನಲ್ಲಿ ಸ್ಫೋಟಕ ಪೆರಾಕ್ಸೈಡ್ ಬೆಳೆಯುತ್ತದೆ. ಮುಚ್ಚಳ ತಿರುಗಿಸುವ ಉಜ್ಜುವಿಕೆಯೇ ಅದು ಸಿಡಿಯಲು ಸಾಕು. ಅದನ್ನು ಯಾರೂ ಮುಟ್ಟದಂತೆ ಕೋಣೆಗೆ ಬೀಗ ಹಾಕಿಸಿ ಪರಿಣತರನ್ನು ಕರೆಸಬೇಕಾಯಿತು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದಿಂದ ಹರಾಜಾದ ಹಳೆಯ ಉಪಕರಣದೊಳಗಿದ್ದ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತು ಅದೇ ನಗರದ ಮಾಯಾಪುರಿಯ ಗುಜರಿಯಲ್ಲಿ ಒಬ್ಬನ ಜೀವ ತೆಗೆದದ್ದು ವಿಕಿರಣದ ಪ್ರಕರಣವಾದರೂ, ಒಳಗೇನಿದೆಯೆಂದು ತಿಳಿದವರು ಯಾರೂ ಉಳಿಯದಿದ್ದರೆ ಏನಾಗುತ್ತದೆಂಬ ಪಾಠ ಅಲ್ಲಿಯದೂ ಇದೇ.

ಈಗ ಪ್ರತಿ ಪ್ರಯೋಗಾಲಯದ ಬಾಗಿಲಿನ ಹೊರಗೆ ಒಂದೇ ಪುಟ ಅಂಟಿಸಿದ್ದೇವೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: ಒಳಗೆ ಹೋಗಬೇಡಿ, ಬಾಗಿಲು ಮುಚ್ಚಿ, ಮಹಡಿ ಖಾಲಿ ಮಾಡಿಸಿ, 112ಕ್ಕೆ ಕರೆ ಮಾಡಿ, ಹೊಗೆ ಕುಡಿದವರು ಚೆನ್ನಾಗಿದ್ದರೂ ಆಸ್ಪತ್ರೆಗೆ ಕಳಿಸಿ. ಕೆಳಗೆ ಎರಡು ಮೊಬೈಲ್ ಸಂಖ್ಯೆ. ವೈದ್ಯರಿಗೆ ಕೊಡಲು ಆ ಕೋಣೆಯ ರಾಸಾಯನಿಕಗಳ ಪಟ್ಟಿ ಗೇಟಿನಲ್ಲಿದೆ. ನೈಟ್ರಿಕ್ ಆಮ್ಲದ ತ್ಯಾಜ್ಯಕ್ಕೆ ಪ್ರತ್ಯೇಕ ಬಾಟಲಿ, ಅನಿಲ ಹೊರಹೋಗುವ ಮುಚ್ಚಳ, ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬುವಂತಿಲ್ಲ. ಚೀಟಿಯಲ್ಲಿ ಸೂತ್ರವಲ್ಲ, ಪೂರ್ಣ ಹೆಸರು ಮತ್ತು ದಿನಾಂಕ. ಸೂತ್ರ ಬರೆದರೆ ಸಾಲದೇ ಎಂದು ಸಹೋದ್ಯೋಗಿಗಳು ವಾದಿಸಿದರು. ಅಗ್ನಿಶಾಮಕ ದಳದವರು ಸೂತ್ರ ಓದಲೆಂದು ಬರುವುದಿಲ್ಲ.

ಎರಡು ತಿಂಗಳ ಹಿಂದೆ ಮುನ್ಸೂಚನೆಯಿಲ್ಲದೆ ರಾತ್ರಿ ಅಣಕು ಕಾರ್ಯಾಚರಣೆ ನಡೆಸಿದೆವು. ಸೆಕ್ಯುರಿಟಿ ಏಜೆನ್ಸಿ ಬದಲಾಗಿ ವಾರವಾಗಿತ್ತು. ಹೊಸಬರು ಬಾಗಿಲ ಪುಟವನ್ನು ನೋಡಿಯೇ ಇರಲಿಲ್ಲ, ನೇರವಾಗಿ ಒಳಗೆ ನುಗ್ಗಿದರು. ಆದ್ದರಿಂದ ಈಗ ಪಾಳಿ ಬದಲಾದಾಗ ಸಹಿ ಹಾಕುವ ರಿಜಿಸ್ಟರಿನ ಮೊದಲ ಹಾಳೆಗೂ ಅದೇ ಪುಟವನ್ನು ಅಂಟಿಸಿದ್ದೇವೆ.