ಮರದ ಮೇಲಿನ ಹಗ್ಗ ಕೆಳಗೂ ಬರಬೇಕಲ್ವಾ?

ಮುಂಬೈಯಲ್ಲಿ ಮೇ ತಿಂಗಳು ಬಂತೆಂದರೆ ಮಳೆಗೆ ಮುಂಚೆ ಕೊಂಬೆ ಕಡಿಯುವ ಕೆಲಸ ಜೋರು. ಮಾಟುಂಗಾದ ನಮ್ಮ ಗಲ್ಲಿಯಲ್ಲೂ ಗುಲ್‌ಮೊಹರ್, ಮಳೆಮರಗಳ ಕೆಳಗೆ ಟೆಂಪೋ ನಿಂತಿರುತ್ತದೆ. ಹಗ್ಗ ಹಾಕಿ ಮರ ಹತ್ತುವುದೆಂದರೆ ನನಗೆ ಪ್ರಾಣ. ಹಾಗಾಗಿ ಕಣ್ಣು ಮೊದಲು ಹೋಗುವುದೇ ಹಗ್ಗದ ಮೇಲೆ. ಹತ್ತುವಾಗ ಎಲ್ಲರೂ ಹುಷಾರಾಗಿರುತ್ತಾರೆ, ಆದರೆ ಕೆಲಸ ಮುಗಿದು ಹಗ್ಗ ಇಳಿಸುವಾಗ ಎಲ್ಲಿಲ್ಲದ ಅವಸರ.

ಹಗ್ಗವನ್ನು ಸೀದಾ ಕೊಂಬೆಯ ಮೇಲೆ ಹಾಕಿ ಹತ್ತಿದರೆ ತೊಗಟೆಯೂ ಕಿತ್ತುಬರುತ್ತದೆ, ಹಗ್ಗದ ಹೊದಿಕೆಯೂ ಸವೆಯುತ್ತದೆ. ಹಲಸಿನ ಮರವಾದರೆ ಅಂಟು ಬೇರೆ. ಅದಕ್ಕೇ ಫ್ರಿಕ್ಷನ್ ಸೇವರ್ ಇರುವುದು: ಒಂದು ಪಟ್ಟಿ, ಒಂದು ತುದಿಗೆ ದೊಡ್ಡ ರಿಂಗ್, ಇನ್ನೊಂದಕ್ಕೆ ಚಿಕ್ಕದು. ಪಟ್ಟಿ ಕೊಂಬೆಯ ಮೇಲೆ ಕೂರುತ್ತದೆ, ಹಗ್ಗ ಎರಡೂ ರಿಂಗ್‌ಗಳ ಒಳಗೆ ಓಡುತ್ತದೆ. ಇಳಿಸುವಾಗ ಹಗ್ಗದ ತುದಿಗೆ ಒಂದು ಚೆಂಡು ಕಟ್ಟುತ್ತೇವೆ. ಇನ್ನೊಂದು ತುದಿ ಹಿಡಿದು ಎಳೆದರೆ ಅದು ದೊಡ್ಡ ರಿಂಗ್ ದಾಟಿ ಚಿಕ್ಕದರಲ್ಲಿ ಸಿಕ್ಕಿಕೊಂಡು ಇಡೀ ಪಟ್ಟಿಯನ್ನೇ ಎಳೆದುಕೊಂಡು ಬರುತ್ತದೆ. ಚೆಂಡು ಕಟ್ಟಬೇಕಾದದ್ದು ದೊಡ್ಡ ರಿಂಗಿನಿಂದ ಕೆಳಗೆ ಇಳಿದಿರುವ ತುದಿಗೆ. ಇನ್ನೊಂದು ತುದಿಗೆ ಕಟ್ಟಿದರೆ ಚಿಕ್ಕ ರಿಂಗ್ ಮೇಲಕ್ಕೆ ಹೋಗಿ ಕೊಂಬೆಗೆ ಒತ್ತಿ ನಿಂತುಬಿಡುತ್ತದೆ, ಆಮೇಲೆ ಎಷ್ಟು ಜಗ್ಗಿದರೂ ಅಷ್ಟೇ. ಯಾವ ತುದಿ ಅನ್ನುವುದನ್ನು ಮರ ಹತ್ತುವ ಮೊದಲೇ ನೋಡಿ ಗುರುತು ಮಾಡಿಕೊಳ್ಳಿ.

ಚೆಂಡಿನ ಹಿಂದೆ ಥ್ರೋ ಲೈನ್, ಅಂದರೆ ಕೊಂಬೆಯ ಮೇಲೆ ಎಸೆಯಲು ಬಳಸುವ ತೆಳುವಾದ ದಾರ, ಕಟ್ಟುವುದನ್ನು ದಯವಿಟ್ಟು ಬಿಡಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಅದನ್ನೇ ಹಿಡಿದು ವಾಪಸ್ ಎಳೆಯಬಹುದು. ಪಟ್ಟಿ ಕೊಂಬೆ ಬಿಟ್ಟಾಗ ಆ ಲೋಹದ ರಿಂಗ್‌ಗಳು ದಬಕ್ಕನೆ ಬೀಳದಂತೆ ನಿಧಾನವಾಗಿ ಇಳಿಸಲೂಬಹುದು. ಮುಂಬೈಯ ಗಲ್ಲಿಯಲ್ಲಿ ಮರದ ಕೆಳಗೆ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ, ಸೈಕಲ್ ಮೇಲೆ ಹಾಲಿನವನೋ, ಶಾಲೆಯಿಂದ ಬರುವ ಮಕ್ಕಳೋ. ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ ಜನರನ್ನು ತಡೆಯಿರಿ. ಹಗ್ಗ ಕೈಗೆ ಬರುವವರೆಗೂ ಹೆಲ್ಮೆಟ್ ತಲೆಯ ಮೇಲೇ ಇರಲಿ.

ಸಿಕ್ಕಿಕೊಂಡರೆ? ನಾಲ್ಕು ಜನ ಸೇರಿ ಜಗ್ಗುವುದು, ಟೆಂಪೋಗೆ ಕಟ್ಟಿ ಎಳೆಯುವುದು, ಇವು ಬೇಡವೇ ಬೇಡ. ಒಣಗಿದ ಕೊಂಬೆಯೇ ಮುರಿದು ಬರಬಹುದು, ಬಿಗಿದ ಹಗ್ಗ ತಟ್ಟನೆ ಬಿಟ್ಟರೆ ಮುಖಕ್ಕೇ ಬಡಿಯುತ್ತದೆ. ನಿಂತ ಜಾಗ ಬದಲಿಸಿ, ಹಗ್ಗಕ್ಕೆ ಅಲೆಯ ಹಾಗೆ ಒಂದು ಕುಲುಕು ಕೊಟ್ಟು ನೋಡಿ. ಆಗಲಿಲ್ಲವೆಂದರೆ ಬೇರೆ ಹಗ್ಗ ಹಾಕಿ ಮತ್ತೆ ಹತ್ತಿ ಬಿಡಿಸಿ. ಸಿಕ್ಕಿಕೊಂಡ ಹಗ್ಗವನ್ನೇ ನಂಬಿ ಮಾತ್ರ ಯಾರೂ ಹತ್ತಬಾರದು.

ಇನ್ನು ಬಾಳಿಕೆ. ಮನೆಗೆ ಬಂದ ಮೇಲೆ ಇಡೀ ಹಗ್ಗವನ್ನು ಬರಿಗೈಯಲ್ಲಿ ಸವರುತ್ತಾ ಹೋಗಿ, ಅಲ್ಲಲ್ಲಿ ಬಗ್ಗಿಸಿ ನೋಡಿ. ಒಳಗಿನ ತಿರುಳು ಹಾಳಾಗಿದ್ದರೆ ಅಲ್ಲಿ ಹಗ್ಗ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಗಾಜಿನಂತೆ ಹೊಳೆದು ಗಟ್ಟಿಯಾಗಿದ್ದರೆ ಅದು ಬಿಸಿಗೆ ಕರಗಿದ ಗುರುತು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಡೈನೀಮಾ ಅನ್ನುವ ಬಲವಾದ ನೂಲು 150ರ ಆಸುಪಾಸಿನಲ್ಲೇ. ಸರ್ರನೆ ಜಾರಿ ಇಳಿದರೆ ಮೊದಲು ಸುಡುವುದು ಹತ್ತುವ ಹಗ್ಗಕ್ಕೆ ಸುತ್ತಿ ಕಟ್ಟಿ ನಿಮ್ಮನ್ನು ಹಿಡಿದಿರುವ ಆ ಚಿಕ್ಕ ಗಂಟಿನ ಹಗ್ಗವೇ.

ನಮ್ಮ ಸಮುದ್ರದ ಗಾಳಿಗೆ ಅಲ್ಯೂಮಿನಿಯಂ ಕ್ಯಾರಾಬಿನರ್‌ನ (ಹಗ್ಗ ಸಿಕ್ಕಿಸುವ ಕೊಂಡಿಯ) ತೆರೆಯುವ ಬಾಯಿ ಬಿಗಿದುಕೊಳ್ಳುತ್ತದೆ, ಸಿಹಿನೀರಲ್ಲಿ ತೊಳೆದು ಒರೆಸಿಡಿ. ಹಗ್ಗವನ್ನು ತಣ್ಣೀರು, ಮೆದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಟೆಂಪೋದಲ್ಲಿ ಬ್ಯಾಟರಿ ಪಕ್ಕ ಮಾತ್ರ ಇಡಬೇಡಿ, ಅದರ ಆಸಿಡ್ ನೈಲಾನನ್ನು ತಿಂದುಹಾಕುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಸವೆದ ಹಗ್ಗವನ್ನು ಇಡಿಯಾಗಿ ಕಸಕ್ಕೆ ಹಾಕಬೇಡಿ. ಯಾರೋ ಎತ್ತಿಕೊಂಡು ಹೋಗಿ ಅದನ್ನೇ ಕಟ್ಟಿಕೊಂಡು ಇನ್ನೊಂದು ಮರ ಹತ್ತುತ್ತಾರೆ. ಮೊಳದುದ್ದ ತುಂಡು ಮಾಡಿ ಬಿಸಾಕಿ.